ಎದೆಯ ಗಂಟಿಗೆ ಹಲ್ಲು ಕೀಳುವ ಇಂಜೆಕ್ಷನ್, ದುರ್ವಾಸನೆ ಮರದ ಮದ್ದು!

ಕವಲೇದುರ್ಗ: ಕೆಳದಿ ಅರಸರ ಕೋಟೆ ನೋಡುವವರು ಬೆಳಿಗ್ಗೆ ತೀರ್ಥಹಳ್ಳಿ ಕಡೆಯಿಂದ ಇತ್ತ ಬರುತ್ತಾರೆ. ಕಾಯಿಲೆ ಹೊತ್ತವರು ಅದೇ ಹೊತ್ತಿಗೆ ಇಲ್ಲಿಂದ ಅತ್ತ ಹೋಗುವ ಬಸ್ಸು ಹಿಡಿಯುತ್ತಾರೆ. ಅವರನ್ನು ಗುರುತಿಸುವುದೇನೂ ಕಷ್ಟವಲ್ಲ. ಜವಳಿ ಅಂಗಡಿಯ ಹಳೇ ಕವರಿನಲ್ಲಿ ಸ್ಕ್ಯಾನಿಂಗ್ ರಿಪೋರ್ಟು, ಅದು ಕಾಣದ ಹಾಗೆ ಮೇಲೊಂದು ಟವೆಲ್ಲು. "ಎಲ್ಲಿಗೆ ಹೊರಟ್ರಿ ಅಕ್ಕಾ?" ಎಂದು ಪಕ್ಕದವರು ಕೇಳಿದರೆ "ಇಲ್ಲೇ, ಶಿವಮೊಗ್ಗಕ್ಕೆ, ಮಗಳ ಮನೆಗೆ" ಎಂಬ ಉತ್ತರ. ಮಗಳ ಮನೆಗೆ ಹೋಗುವವರ ಕೈಯಲ್ಲಿ ನಾಲ್ಕು ಬಾಳೆಹಣ್ಣಾದರೂ ಇರಬೇಕಲ್ಲ!

ಮೈಗೆ ಜ್ವರ ಬಂದರೆ ಊರಿಗೆಲ್ಲ ಹೇಳುವ ಹೆಂಗಸರು ಎದೆಯಲ್ಲಿ ಗಂಟು ಕಂಡರೆ ಗಂಡನಿಗೂ ಹೇಳುವುದಿಲ್ಲ. ನಾಚಿಕೆ ಒಂದು ಕಾರಣ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಹೆದರಿಕೆ ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಆ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. "ನೋವಿಲ್ಲ, ಅಡಿಕೆ ಸುಗ್ಗಿ ಮುಗೀಲಿ, ಆಮೇಲೆ ನೋಡಿದರಾಯ್ತು" ಎನ್ನುವಷ್ಟರಲ್ಲಿ ಕಂಕುಳಲ್ಲೂ ಗಂಟು ಎದ್ದಿರುತ್ತದೆ.

2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು ಎಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಇದು ದೊಡ್ಡ ಊರಿನ, ದೊಡ್ಡವರ ಕಾಯಿಲೆ ಎಂಬ ಮಾತನ್ನು ಇನ್ನು ಬಿಡಬೇಕು.

ಹಾಗಾದರೆ ಹೊಸ ಮದ್ದು ಏನಾದರೂ ಬಂದಿದೆಯೇ? ಬಂದಿದೆ. ಅದರಲ್ಲಿ ಒಂದು ನೂರು ರೂಪಾಯಿಗೂ ಕಡಿಮೆಯದು. ಇನ್ನೆರಡರ ಬೇರು ನಮ್ಮ ಘಟ್ಟದ ಕಾಡಿನಲ್ಲೂ ಇರುವ ಒಂದು ರಸಾಯನದಲ್ಲಿದೆ!

ಅರ್ಧ ತೋಟಕ್ಕೆ ಹೊಸ ಮದ್ದು

ಮೊದಲು "ಪ್ರಯೋಗ" ಎಂದರೇನು ತಿಳಿಯಬೇಕು. ಆ ಮಾತು ಕೇಳಿದ ಕೂಡಲೇ "ನಮ್ಮನ್ನೇನು ಇಲಿ ಮಾಡ್ತಾರಾ?" ಎಂದು ಬೆಚ್ಚುವವರೇ ಹೆಚ್ಚು. ಆದರೆ ಅಡಿಕೆ ತೋಟದವರಿಗೆ ಇದು ಹೊಸ ವಿಷಯವಲ್ಲ. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು. ಬೋರ್ಡೋ ದ್ರಾವಣ ತೋಟಕ್ಕೆ ಬಂದದ್ದು ಆ ಕೆಲಸದ ಫಲ. ಇಂದಿಗೂ ಹೊಸ ಔಷಧಿ ಬಂದರೆ ಜಾಣ ಬೆಳೆಗಾರ ಏನು ಮಾಡುತ್ತಾನೆ? ಅರ್ಧ ತೋಟಕ್ಕೆ ಹಳೇ ಬೋರ್ಡೋ, ಇನ್ನರ್ಧಕ್ಕೆ ಹೊಸದು. ಮಳೆಗಾಲ ಮುಗಿದ ಮೇಲೆ ಎರಡೂ ಕಡೆ ಉದುರಿದ ಕಾಯಿ ಎಣಿಸುತ್ತಾನೆ. ಕಂಪನಿಯವನ ಮಾತಲ್ಲ, ಉದುರಿದ ಕಾಯಿಯ ಲೆಕ್ಕವೇ ಸಾಕ್ಷಿ.

ಆಸ್ಪತ್ರೆಯ ಪ್ರಯೋಗವೂ ಇಷ್ಟೇ. ಒಂದು ಗುಂಪಿಗೆ ಈಗಿರುವ ಉತ್ತಮ ಚಿಕಿತ್ಸೆ, ಇನ್ನೊಂದಕ್ಕೆ ಹೊಸದು. ಯಾರಿಗೆ ಯಾವುದು ಎಂದು ಡಾಕ್ಟರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಹಾಗಿಲ್ಲದಿದ್ದರೆ ಗಟ್ಟಿಮುಟ್ಟಾದವರಿಗೆಲ್ಲ ಹೊಸ ಮದ್ದು ಕೊಟ್ಟು "ನೋಡಿ, ಗುಣ ಆಯ್ತು" ಎನ್ನಬಹುದಲ್ಲ!

ಹಲ್ಲಿನ ಡಾಕ್ಟರ ಇಂಜೆಕ್ಷನ್

ಹಲ್ಲು ಕೀಳುವಾಗ ದವಡೆ ಜೋಮು ಹಿಡಿಸುವ ಲಿಡೋಕೇನ್ ಎಂಬ ಮದ್ದನ್ನು ಬಸ್ಸಿನಲ್ಲಿ ಕೂತ ಅರ್ಧ ಮಂದಿಯಾದರೂ ಚುಚ್ಚಿಸಿಕೊಂಡಿರುತ್ತಾರೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಇದನ್ನೇ ಸ್ತನ ಕ್ಯಾನ್ಸರ್ ಆಪರೇಷನ್ನಿನಲ್ಲಿ ಬಳಸಿ ನೋಡಿದರು. ಗಡ್ಡೆ ತೆಗೆಯುವ 7ರಿಂದ 10 ನಿಮಿಷ ಮುಂಚೆ ಅದರ ಸುತ್ತ ಈ ಮದ್ದು ಚುಚ್ಚುವುದು, ಅಷ್ಟೇ. ಆಪರೇಷನ್ ಹೊತ್ತಿನಲ್ಲಿ ಗಡ್ಡೆ ಅಲುಗಿದಾಗ ಕೆಲವು ಕಣಗಳು ತಪ್ಪಿಸಿಕೊಂಡು ಬೇರೆ ಕಡೆ ಬೇರೂರಬಹುದು. ಅವುಗಳ ಓಟವನ್ನು ಜೋಮು ಹಿಡಿಸಿ ತಡೆಯಬಹುದೇ ಎಂಬುದು ಪ್ರಶ್ನೆ.

2011ರ ಕೊನೆಗೆ ಶುರುವಾದ ಈ ಪ್ರಯೋಗ ದೇಶದ 11 ಕ್ಯಾನ್ಸರ್ ಕೇಂದ್ರಗಳಲ್ಲಿ ನಡೆಯಿತು. ಲೆಕ್ಕಕ್ಕೆ ಸಿಕ್ಕ ಮಹಿಳೆಯರು 1,583. ಐದು ವರ್ಷ ಕಳೆದ ಮೇಲೆ ಎಣಿಸಿದರೆ, ಇಂಜೆಕ್ಷನ್ ಪಡೆದವರಲ್ಲಿ ಶೇ. 90.1 ಮಂದಿ, ಪಡೆಯದವರಲ್ಲಿ ಶೇ. 86.4 ಮಂದಿ ಬದುಕಿದ್ದರು. ನೂರಕ್ಕೆ ಹೆಚ್ಚುಕಡಿಮೆ ನಾಲ್ಕು ಜೀವ! ಫಲಿತಾಂಶವನ್ನು 2022ರಲ್ಲಿ ಪ್ಯಾರಿಸ್ ಸಮ್ಮೇಳನದಲ್ಲಿ ಮಂಡಿಸಿ, 2023ರಲ್ಲಿ ಪ್ರಕಟಿಸಿದರು.

ಹಳೇ ಮದ್ದಿಗೆ ಪೇಟೆಂಟ್ ಇಲ್ಲ, ಲಾಭವೂ ಇಲ್ಲ. ಇಂಥ ಕಡೆ ದೊಡ್ಡ ಕಂಪನಿಗಳು ಸುಳಿಯುವುದು ಅಪರೂಪ. ಕೇಂದ್ರ ಸರ್ಕಾರದ ಪರಮಾಣು ಶಕ್ತಿ ಇಲಾಖೆಯ ಕೆಳಗಿರುವ ಟಾಟಾ ಸಂಸ್ಥೆಯಂಥವು ಮಾಡದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಒಂದು ಮಾತು ನೆನಪಿರಲಿ. ಈ ಲೆಕ್ಕ ಬೇಗ ಪತ್ತೆಯಾಗಿ, ಮೊದಲೇ ಆಪರೇಷನ್ ಮಾಡಬಹುದಾದವರದ್ದು. ಸುಗ್ಗಿ ಮುಗಿಯಲಿ ಎಂದು ಕಾದವರಿಗೆ ಈ ನೂರು ರೂಪಾಯಿಯ ಲಾಭ ಸಿಗುವುದು ಕಷ್ಟ.

ಪಾರ್ಸೆಲ್ ಬರುವ ಮದ್ದು

ಇನ್ನು ಮರದ ಕಥೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಎಂಬುದೊಂದಿದೆ. ಹೆಸರೇ ಹೇಳುವಂತೆ ನಾತದ ಮರ. ಸೌದೆಗೂ ಯಾರಿಗೂ ಬೇಡವಾಗಿದ್ದ ಅದರ ನಸೀಬು ತಿರುಗಿದ್ದು ಹೀಗೆ: 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ, ಚೀನಾದ ಒಂದು ಮರದಿಂದ ಕ್ಯಾಂಪ್ಟೋಥೆಸಿನ್ ಎಂಬ ರಸಾಯನ ಬೇರ್ಪಡಿಸಿದರು. 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ರಸಾಯನವನ್ನು ನಮ್ಮ ದುರ್ವಾಸನೆ ಮರದಲ್ಲಿ ಕಂಡರು. ಅಲ್ಲಿಂದ ಮುಂದೆ ಘಟ್ಟದುದ್ದಕ್ಕೂ ಮರಕ್ಕೆ ಕೊಡಲಿ ಬಿತ್ತು, ಮೂಟೆಗಳು ಹಡಗು ಹತ್ತಿದವು, ಮರ ಅಪರೂಪವಾಯಿತು. ಘಟ್ಟದ ಯಾವ ಭಾಗದ ಮರದಲ್ಲಿ ಈ ರಸಾಯನ ಎಷ್ಟಿದೆ ಎಂದು ಅಳೆದವರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಅವರ ತಂಡವೂ ಇದೆ.

ಈಗ ಸ್ತನ ಕ್ಯಾನ್ಸರಿಗೆ ಬಂದಿರುವ ಎರಡು ಹೊಸ ಮದ್ದುಗಳಲ್ಲಿ ಇದೇ ರಸಾಯನದ ವಂಶದ ಕುಡಿಗಳಿವೆ. ಒಂದು ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್, ಇನ್ನೊಂದು ಸ್ಯಾಸಿಟುಜುಮ್ಯಾಬ್ ಗೋವಿಟೆಕಾನ್. ಹೆಸರು ಬಾಯಿಗೆ ಬರುವುದಿಲ್ಲ ಬಿಡಿ. ಕೆಲಸ ಮಾಡುವ ರೀತಿ ಮಾತ್ರ ಬಸ್ಸಿನವರಿಗೆ ಚೆನ್ನಾಗಿ ಗೊತ್ತು. ಶಿವಮೊಗ್ಗದಲ್ಲಿ ಡ್ರೈವರ್ ಕೈಗೆ ಪಾರ್ಸೆಲ್ ಕೊಟ್ಟರೆ ಅದು ದಾರಿಯಲ್ಲಿ ಎಲ್ಲೂ ಬಿಚ್ಚದೆ ವಿಳಾಸದವರ ಕೈ ಸೇರುತ್ತದಲ್ಲ, ಹಾಗೆ. ಕ್ಯಾನ್ಸರ್ ಕಣದ ಮೇಲಿನ ಗುರುತು ಹುಡುಕುವ ಪ್ರೋಟೀನೇ ಬಸ್ಸು. ಅದಕ್ಕೆ ಕಟ್ಟಿದ ವಿಷವೇ ಪಾರ್ಸೆಲ್. ಹಳೇ ಕಿಮೋದಲ್ಲಿ ವಿಷ ಎಲ್ಲರ ಮನೆಗೂ ಹಂಚಿಹೋಗುತ್ತಿತ್ತು.

2022ರಲ್ಲಿ ಪ್ರಕಟವಾದ 524 ಮಂದಿಯ ಪ್ರಯೋಗದಲ್ಲಿ, ಹರ್-2 ಎಂಬ ಗುರುತಿನ ಕ್ಯಾನ್ಸರ್ ದೇಹದಲ್ಲಿ ಹರಡಿದ್ದವರಿಗೆ ಮೊದಲ ಮದ್ದು ಕೊಟ್ಟರು. ಒಂದು ವರ್ಷದ ನಂತರ ಕಾಯಿಲೆ ಮುಂದುವರಿಯದೆ ಬದುಕಿದ್ದವರು ಶೇ. 75.8. ಅದಕ್ಕೂ ಮುಂಚಿನ ಮದ್ದಿನಲ್ಲಿ ಶೇ. 34.1 ಮಾತ್ರ. ಎರಡನೆಯದು ತ್ರಿವಳಿ ನೆಗೆಟಿವ್ ಎಂಬ ಹಟಮಾರಿ ಬಗೆಗೆ. 2021ರ ವರದಿಯಂತೆ, ಕಾಯಿಲೆ ಹರಡಿದ್ದವರ ನಡುಮಟ್ಟದ ಆಯುಷ್ಯ ಕಿಮೋದಲ್ಲಿ 6.7 ತಿಂಗಳು, ಇದರಲ್ಲಿ 12.1 ತಿಂಗಳು. ಬೇರುಸಹಿತ ಗುಣವಲ್ಲ. ಆದರೆ ಮನೆಯಲ್ಲಿ ಮಗುವಿರುವ ತಾಯಿಗೆ ಐದು ತಿಂಗಳು ಅಂದರೆ ಸಣ್ಣದೇ? ಪಾರ್ಸೆಲ್ ಕೆಲವೊಮ್ಮೆ ತಪ್ಪು ಮನೆಯಲ್ಲೂ ಬಿಚ್ಚುತ್ತದೆ. ಒಂದರಲ್ಲಿ ಶ್ವಾಸಕೋಶ ಊದುವ, ಇನ್ನೊಂದರಲ್ಲಿ ಭೇದಿಯಾಗುವ, ಬಿಳಿರಕ್ತಕಣ ಇಳಿಯುವ ಅಪಾಯವಿದೆ.

ಕಷಾಯ ಕುದಿಸಬೇಡಿ

"ಹಾಗಾದ್ರೆ ಆ ಮರದ ಚಕ್ಕೆ ಕುದಿಸಿ ಕುಡಿದರಾಯ್ತಲ್ಲ, ಬೆಂಗಳೂರಿಗೆ ಯಾಕೆ ಹೋಗ್ಬೇಕು?" ಎಂದು ಯಾರಾದರೂ ಕೇಳಿಯಾರು. ಬೇಡವೇ ಬೇಡ. 1970ರ ದಶಕದ ಆರಂಭದಲ್ಲಿ ಈ ರಸಾಯನವನ್ನು ನೇರವಾಗಿ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರದಲ್ಲಿ ರಕ್ತ ಬಂತು, ರಕ್ತಕಣಗಳು ಕುಸಿದವು. ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆ ವಿಷವನ್ನು ಪಳಗಿಸಲು ದಶಕಗಳೇ ಹಿಡಿದವು.

ಮಲೆನಾಡಿನಲ್ಲಿ ಈ ಮಾತು ಹೇಳಲೇಬೇಕಾಗಿದೆ. ಸಾಗರ ತಾಲ್ಲೂಕು ಆನಂದಪುರದ ಹತ್ತಿರದ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ನಾಟಿವೈದ್ಯ ನಾರಾಯಣಮೂರ್ತಿಯವರ ಮನೆ ಮುಂದೆ ಮರದ ಚಕ್ಕೆಯ ಮದ್ದಿಗಾಗಿ ಹೊರರಾಜ್ಯದವರೂ ಸಾಲು ನಿಲ್ಲುತ್ತಿದ್ದುದನ್ನು ಈ ಭಾಗದ ಬಸ್ಸಿನವರೆಲ್ಲ ಬಲ್ಲರು. ನಂಬಿಕೆ ಅವರವರದು. ಆದರೆ ಸಾಲಿನ ಉದ್ದ ಮದ್ದಿನ ಗುಣಕ್ಕೆ ಸಾಕ್ಷಿಯಲ್ಲ. ಬಂದವರೆಷ್ಟು, ಐದು ವರ್ಷದ ನಂತರ ಇದ್ದವರೆಷ್ಟು ಎಂಬ ಲೆಕ್ಕ ಬೇಕು. ಗುಣವಾದವರು ನಾಲ್ಕೂರಿಗೆ ಹೇಳುತ್ತಾರೆ. ಆಗದವರು ಹೇಳಲು ಇರುವುದಿಲ್ಲ.

ಲೆಕ್ಕವನ್ನು ಒಮ್ಮೆ ಹಾಕಿ ಬಿಟ್ಟರೂ ಸಾಲದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ಲಸಿಕೆ, 1990ರಿಂದ 92ರ ಪರೀಕ್ಷೆಯಲ್ಲಿ ಎರಡು ಡೋಸಿಗೆ ಶೇ. 93ರಷ್ಟು ರಕ್ಷಣೆ ತೋರಿಸಿತ್ತು. 2005ರಿಂದ 2010ರ ಲೆಕ್ಕದಲ್ಲಿ ಅದು ಶೇ. 62ಕ್ಕೆ ಇಳಿದಿತ್ತು. 2022ರಲ್ಲಿ ಅದರ ಬಳಕೆಯೇ ನಿಂತಿತು. ಇಂಗ್ಲಿಷ್ ಮದ್ದಾದರೂ ಸರಿ, ನಾಟಿ ಮದ್ದಾದರೂ ಸರಿ, ಪರೀಕ್ಷೆ ತಪ್ಪಿದ್ದಲ್ಲ.

ದುಡ್ಡಿನ ಪ್ರಶ್ನೆ

ಹರ್-2 ಗುರುತಿಗೆ ಮೊದಲು ಬಂದ ಟ್ರಾಸ್ಟುಜುಮ್ಯಾಬ್ ಅಮೆರಿಕದಲ್ಲಿ ಮಂಜೂರಾದದ್ದು 1998ರಲ್ಲಿ. ಬೆಲೆ ಕೇಳಿ ತೋಟ ಮಾರುವ ಯೋಚನೆ ಮಾಡಿದವರುಂಟು. ಬೆಂಗಳೂರಿನ ಬಯೋಕಾನ್ ಕಂಪನಿ ಅದಕ್ಕೆ ಸಮನಾದ ಮದ್ದನ್ನು 2014ರಲ್ಲಿ ದೇಶದ ಮಾರುಕಟ್ಟೆಗೆ ತಂದಿತು. ಮೂಲ ಮದ್ದಿನ ಎದುರಿಗೆ ಇಟ್ಟು ರೋಗಿಗಳಲ್ಲಿ ಪ್ರಯೋಗ ಮಾಡಿ ಸರಿಸಮ ಎಂದು ತೋರಿಸಿದ ಮೇಲೆ, 2017ರ ಡಿಸೆಂಬರಿನಲ್ಲಿ ಅಮೆರಿಕವೂ ಒಪ್ಪಿಗೆ ಕೊಟ್ಟಿತು. ಪೈಪೋಟಿ ಬಂದರೆ ಬೆಲೆ ಇಳಿಯುತ್ತದೆಂದು ಅಂಗಡಿಯವರಿಗೆ ಹೇಳಿಕೊಡಬೇಕೇ? ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ಹೊಸ ದುಬಾರಿ ಮದ್ದೆಲ್ಲ ಅದರೊಳಗೆ ಬರುವುದಿಲ್ಲ.

ಸಹಿ ಹಾಕುವ ಮುಂಚೆ

ದೊಡ್ಡಾಸ್ಪತ್ರೆಯಲ್ಲಿ "ಒಂದು ಪ್ರಯೋಗ ನಡೀತಿದೆ, ಸೇರ್ತೀರಾ?" ಎಂದು ಕೇಳಿದರೆ ಗಾಬರಿ ಬೇಡ, ಆತುರವೂ ಬೇಡ. 2019ರ ಕೇಂದ್ರ ನಿಯಮಗಳಂತೆ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ಹೇಳಿ ಲಿಖಿತ ಒಪ್ಪಿಗೆ ಪಡೆಯಬೇಕು. ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಬೇಡವೆನಿಸಿದರೆ ಮಧ್ಯದಲ್ಲೇ ಬಿಡಬಹುದು. ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ ಹಕ್ಕಿದೆ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಕೇಂದ್ರದ ಪ್ರಯೋಗ ನೋಂದಣಿಯಲ್ಲಿ ದಾಖಲಾಗಿದೆಯೇ ಎಂದು ಕೇಳಲು ಸಂಕೋಚ ಯಾಕೆ? ಅಡಿಕೆ ಮಾರುವಾಗ ತಕ್ಕಡಿ ನೋಡುವುದಿಲ್ಲವೇ?

ಕೊನೆಗೂ ಎಲ್ಲ ಮದ್ದಿಗಿಂತ ಅಗ್ಗವಾದದ್ದು ಬೇರೊಂದಿದೆ. ಮುಂಬಯಿಯಲ್ಲಿ 1998ರಿಂದ 20 ವರ್ಷ, 1,51,538 ಮಹಿಳೆಯರನ್ನು ಲೆಕ್ಕವಿಟ್ಟ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಎದೆ ಮುಟ್ಟಿ ಪರೀಕ್ಷಿಸಿದರು, ಯಂತ್ರವಿಲ್ಲ. ಕಾಯಿಲೆ ಬೇಗ ಸಿಕ್ಕಿತು. ಒಟ್ಟು ಸಾವಿನಲ್ಲಿ ಖಚಿತವಾಗಿ ಹೇಳುವಷ್ಟು ಇಳಿಕೆ ಕಾಣದಿದ್ದರೂ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ. 30ರ ಹತ್ತಿರ ಇಳಿಯಿತು. ಇದೇ ಪರೀಕ್ಷೆ 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಿಗಬೇಕೆಂಬುದು ಕೇಂದ್ರದ ಕಾರ್ಯಕ್ರಮ. ಆಶಾ ಕಾರ್ಯಕರ್ತೆಯರನ್ನು ಕೇಳಬಹುದು. ಗಂಟು ಎನಿಸಿದರೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಮುಂದೆ ಶಿವಮೊಗ್ಗ, ಬೇಕಾದರೆ 1973ರಿಂದ ಇರುವ ಬೆಂಗಳೂರಿನ ಕಿದ್ವಾಯಿ. ಎಲ್ಲ ಗಂಟೂ ಕ್ಯಾನ್ಸರಲ್ಲ. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ನೆರೆಮನೆಯವರಲ್ಲ.

ನಾಳೆ ಬೆಳಗಿನ ಬಸ್ಸಿನಲ್ಲೂ ಯಾರಾದರೊಬ್ಬರು ಕವರ್ ಮುಚ್ಚಿಕೊಂಡು ಕೂತಿರುತ್ತಾರೆ. ಮನೆಯಲ್ಲಿ ಹೆಂಡತಿ, ಅಕ್ಕ, ಅತ್ತಿಗೆ ಇರುವವರು ಇಂದು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳಿದರೆ ಸಾಕು. ಸುಗ್ಗಿ ಪ್ರತಿ ವರ್ಷವೂ ಬರುತ್ತದೆ.