ದೂರ ನಿಂತು ತೆಗೆದ ಚಿತ್ರ

ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ಹಕ್ಕಿಗಳಿಗೆಂದು ಯಾರೂ ಕಟ್ಟಿಸಲಿಲ್ಲ. ಶತಮಾನಗಳ ಹಿಂದೆ ಹೊಲಗದ್ದೆಗೆ ನೀರುಣಿಸಲು ಊರ ಮಗ್ಗುಲಲ್ಲೇ ಕಟ್ಟಿದ ಕೆರೆ ಅದು. ವಿಸ್ತೀರ್ಣ 98.76 ಹೆಕ್ಟೇರ್, ರೈತರ ಲೆಕ್ಕದಲ್ಲಿ ಸುಮಾರು 244 ಎಕರೆ. ಕೆರೆಯಂಗಳದಲ್ಲಿ ಕರಿಜಾಲಿ ಬೆಳೆದು ನಿಂತಿದೆ. ಆ ಮುಳ್ಳುಮರಗಳ ನೆತ್ತಿಯ ಮೇಲೆ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಸಂಸಾರ ಹೂಡುತ್ತವೆ. ಗೂಡು ಕಟ್ಟಲು, ರಾತ್ರಿ ತಂಗಲು ಇಲ್ಲಿಗೆ ಬರುವ ನೀರಹಕ್ಕಿಗಳು 30 ಸಾವಿರಕ್ಕೂ ಹೆಚ್ಚು. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 2024ರ ಜನವರಿಯಲ್ಲಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು.

ರಾಮ್ಸರ್ ಇರಾನಿನ ಒಂದು ಊರು. 1971ರ ಫೆಬ್ರುವರಿ 2ರಂದು ಅಲ್ಲಿ ಆದ ಒಪ್ಪಂದದ ಪ್ರಕಾರ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿ ತಯಾರಾಗುತ್ತದೆ. ಪಟ್ಟಿಗೆ ಸೇರಿಸುವ ಮಾನದಂಡಗಳಲ್ಲಿ ಎರಡು ನೇರವಾಗಿ ನೀರಹಕ್ಕಿಗಳ ತಲೆಯೆಣಿಕೆಯ ಮೇಲೆ ನಿಂತಿವೆ. ಆ ಜಾಗ ವಾಡಿಕೆಯಾಗಿ 20 ಸಾವಿರ ನೀರಹಕ್ಕಿಗಳಿಗೆ ಆಸರೆ ಕೊಡುತ್ತಿರಬೇಕು ಎಂಬುದು ಒಂದು. ಯಾವುದಾದರೂ ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ಶೇಕಡಾ 1ರಷ್ಟಾದರೂ ಅಲ್ಲಿರಬೇಕು ಎಂಬುದು ಇನ್ನೊಂದು. ಅಂಕಸಮುದ್ರ ಎರಡನ್ನೂ ದಾಟಿದೆ. ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲು, ಎರಡರಲ್ಲೂ ಶೇಕಡಾ 1ಕ್ಕಿಂತ ಹೆಚ್ಚು ಈ ಒಂದೇ ಕೆರೆಯನ್ನು ನಂಬಿವೆ. ಕರ್ನಾಟಕದಿಂದ ಈ ಪಟ್ಟಿಗೆ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. ಅಂಕಸಮುದ್ರದ ಜೊತೆಯಲ್ಲೇ ಅಘನಾಶಿನಿ ಅಳಿವೆಯೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿದವು.

ರಾಮ್ಸರ್ ದಾಖಲೆಯಲ್ಲಿ ಅಂಕಸಮುದ್ರದ ಹೆಸರಿನಡಿ 240 ಬಗೆಯ ಹಕ್ಕಿ, 41 ಬಗೆಯ ಮೀನು, 27 ಬಗೆಯ ಚಿಟ್ಟೆ ಇವೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟದ ಬಳಗದಲ್ಲೇ 32 ಬಗೆ. ಇಂಥ ಪಟ್ಟಿ ಒಂದು ದಿನದ ಭೇಟಿಯಲ್ಲಿ ಸಿದ್ಧವಾಗುವುದಿಲ್ಲ. ಏರಿಯ ಮೇಲೆ ಮತ್ತೆ ಮತ್ತೆ ನಡೆದು, ನೋಡಿ, ಬರೆದು, ಚಿತ್ರ ತೆಗೆದು ಹೋಲಿಸಿದರೆ ಮಾತ್ರ ಆಗುವ ಕೆಲಸ. ಇಂದು ಪ್ರತಿ ಊರಲ್ಲೂ ಹತ್ತಾರು ಜನರ ಜೇಬಿನಲ್ಲಿ ಒಳ್ಳೆಯ ಕ್ಯಾಮೆರಾ ಇದೆ. ಆದರೆ ಎಲ್ಲರ ಹಂಬಲವೂ ಹಕ್ಕಿಯ ಕಣ್ಣು ತುಂಬುವಷ್ಟು ಹತ್ತಿರದ ಚಿತ್ರದ ಮೇಲೆಯೇ. ಮರ, ನೀರು, ದಡ, ಗೂಡು ಎಲ್ಲವೂ ಒಟ್ಟಿಗೆ ಕಾಣುವಂತೆ ದೂರ ನಿಂತು ತೆಗೆದ ಚಿತ್ರ ಕೆರೆಯ ಬಗ್ಗೆ ಎಷ್ಟೋ ಹೆಚ್ಚು ಹೇಳುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅದು ಹಕ್ಕಿಗೂ ಕ್ಷೇಮ.

ಬಣ್ಣದ ಕೊಕ್ಕರೆಯನ್ನೇ ನೋಡಿ. ಬಿಳಿ ಮೈ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಹತ್ತಿರ ಗುಲಾಬಿ ಗರಿ, ಕಿತ್ತಳೆ ಬಣ್ಣದ ಬೋಳು ಮುಖ, ತುದಿಯಲ್ಲಿ ತುಸು ಬಾಗಿದ ಹಳದಿ ಕೊಕ್ಕು. ಮೇಯುವಾಗ ಅದು ತೆಳುನೀರಿನಲ್ಲಿ ನಿಂತು ಅರೆತೆರೆದ ಕೊಕ್ಕನ್ನು ನೀರಿಗೆ ಅದ್ದಿ ಅತ್ತಿಂದಿತ್ತ ಆಡಿಸುತ್ತದೆ. ಒಂದು ಕಾಲಿನಿಂದ ಕೆಸರು ಕಲಕುತ್ತದೆ. ನಡುನಡುವೆ ಒಂದು ರೆಕ್ಕೆಯನ್ನು ಸರಕ್ಕನೆ ಬಿಚ್ಚಿ ಮುಚ್ಚುತ್ತದೆ. ಬೆದರಿದ ಮೀನು ಅಡಗಿದ ಜಾಗ ಬಿಟ್ಟು ಓಡುವಾಗ ಕೊಕ್ಕಿಗೆ ತಾಗಿತೋ, ಕೊಕ್ಕು ಫಟ್ಟನೆ ಮುಚ್ಚಿಕೊಳ್ಳುತ್ತದೆ. ಮೀನು ಕಣ್ಣಿಗೆ ಬೀಳಬೇಕೆಂದೇನಿಲ್ಲ, ಕೊಕ್ಕಿಗೆ ತಾಗಿದರೆ ಸಾಕು. ಇದೇ ಕುಲಕ್ಕೆ ಸೇರಿದ ಅಮೆರಿಕದ ವುಡ್ ಸ್ಟಾರ್ಕ್ ಕೊಕ್ಕರೆಯ ಕಣ್ಣು ಮುಚ್ಚಿ 1960ರ ದಶಕದಲ್ಲಿ ಪ್ರಯೋಗ ಮಾಡಿದಾಗಲೂ ಅದು ಮೀನು ಹಿಡಿಯಿತು. ಮೀನು ತಾಗಿದ ಮೇಲೆ ಕೊಕ್ಕು ಮುಚ್ಚಲು ಹಿಡಿದ ಹೊತ್ತು ಸರಾಸರಿ ಸೆಕೆಂಡಿನ 40ನೇ ಒಂದು ಭಾಗ. ನಾವು ಕಣ್ಣು ಮಿಟುಕಿಸುವುದೂ ಇಷ್ಟು ಬೇಗ ಆಗದು. ಆ ಗಳಿಗೆ ಚಿತ್ರದಲ್ಲಿ ಸ್ಪಷ್ಟವಾಗಿ ಬರಬೇಕಾದರೆ ಷಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿರಬೇಕು.

ಈ ಬೇಟೆಗೆ ನೀರು ಆಳವಾಗಿದ್ದರೆ ಆಗದು. ಮೀನು ಚದುರಿದ್ದರೂ ಆಗದು. ಬೇಸಿಗೆ ಏರಿದಂತೆ ಕೆರೆಗಳು ತಗ್ಗಿ, ಉಳಿದ ನೀರಿನಲ್ಲಿ ಮೀನು ಒತ್ತೊತ್ತಾಗಿ ಸೇರುವ ಕಾಲವೇ ಕೊಕ್ಕರೆಗೆ ಸುಗ್ಗಿ. ಉತ್ತರ ಭಾರತದಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಗೂಡು ಕಟ್ಟುವ ಈ ಹಕ್ಕಿ ದಕ್ಷಿಣದ ಹಲವೆಡೆ ಚಳಿಗಾಲದವರೆಗೆ ಕಾಯುತ್ತದೆ. ಗೂಡಿನ ಮರಗಳ ಬುಡದಲ್ಲಿ ಮಾತ್ರ ನೀರಿದ್ದರೆ ಕ್ಷೇಮ. ನೀರಿದ್ದರೆ ಬೆಕ್ಕು, ನಾಯಿ, ಮನುಷ್ಯ ಮರ ಹತ್ತುವುದು ಕಷ್ಟ. ಮೇಲೆ ಜಾಲಿಯ ಮುಳ್ಳಿನ ಕಾವಲು ಬೇರೆ. ಹೀಗೆ ಗೂಡಿನ ಕೆಳಗೆ ತುಂಬಿದ ನೀರು, ಮೇವಿಗೆ ಇಂಗುತ್ತಿರುವ ನೀರು, ಎರಡೂ ಬೇಕು. ಅಂಕಸಮುದ್ರ ಒಂದೇ ಉಳಿದರೆ ಸಾಲದು ಎನ್ನುವುದು ಇದಕ್ಕೇ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯವರೆಗೂ ಚಾಚಿದ ಹಿನ್ನೀರು, ಮಾಲವಿ ಜಲಾಶಯ, ಸುತ್ತಲಿನ ಸಣ್ಣಪುಟ್ಟ ಕೆರೆ, ನೀರು ನಿಂತ ಗದ್ದೆ ಎಲ್ಲವೂ ನೀರಹಕ್ಕಿಗಳಿಗೆ ಮೇವಿನ ತಾಣಗಳೇ.

ಮೊಟ್ಟೆಗೆ ಕಾವು ಸುಮಾರು ಒಂದು ತಿಂಗಳು, ಮರಿಗೆ ರೆಕ್ಕೆ ಬಲಿಯಲು ಇನ್ನೆರಡು ತಿಂಗಳು. ಈ ಮೂರು ತಿಂಗಳಲ್ಲಿ ಬಿಸಿಲೇ ದೊಡ್ಡ ಶತ್ರು. ನಮ್ಮ ಸೀಮೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ. ಹಕ್ಕಿಯ ಭ್ರೂಣಕ್ಕೆ ಹಿತವಾದದ್ದು 37-38 ಡಿಗ್ರಿ. 42ರ ಆಚೆ ಹೆಚ್ಚು ಹೊತ್ತು ತಾಳಲಾರದು. ಆದ್ದರಿಂದ ನಡುಹಗಲಲ್ಲಿ ತಾಯಿಯೋ ತಂದೆಯೋ ಗೂಡಿನ ಅಂಚಿಗೆ ಬಂದು ಸೂರ್ಯನಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆಗಳನ್ನು ಇಳಿಬಿಟ್ಟು ನಿಲ್ಲುತ್ತದೆ. ಮರಿಗಳು ಆ ನೆರಳಿನೊಳಗೆ ಸೇರಿಕೊಳ್ಳುತ್ತವೆ. ಸೂರ್ಯ ಸರಿದಂತೆ ದೊಡ್ಡ ಹಕ್ಕಿಯೂ ತಿರುಗುತ್ತದೆ. ತನ್ನ ಕಾಲಿನ ಮೇಲೆ ತಾನೇ ತೆಳುವಾಗಿ ಹಿಕ್ಕೆ ಹಾಕಿಕೊಂಡು, ಅದು ಆರುವಾಗ ಆಗುವ ತಂಪಿನಲ್ಲಿ ಮೈಯ ಕಾವು ಇಳಿಸಿಕೊಳ್ಳುತ್ತದೆ. ಚಿತ್ರದಲ್ಲಿ ಕೊಕ್ಕರೆಯ ಕಾಲು ಬೆಳ್ಳಗೆ ಕಂಡರೆ ಅದು ಸುಣ್ಣವಲ್ಲ, ಬಿಸಿಲಿನ ಗುರುತು.

ಈಗ ಯಾರೋ ಒಬ್ಬರು ಹತ್ತಿರದ ಚಿತ್ರದ ಆಸೆಗೆ ದಡ ಬಿಟ್ಟು ನೀರಿಗಿಳಿದರು ಅಥವಾ ಗೂಡುಗಳ ಮೇಲೆ ಡ್ರೋನ್ ಹಾರಿಸಿದರು ಎನ್ನಿ. ಒಂದು ಹಕ್ಕಿ ಎದ್ದರೆ ನೂರು ಏಳುತ್ತವೆ. ನೆರಳು ಹೋಗುತ್ತದೆ. ಕಾಗೆ, ಹದ್ದುಗಳಿಗೆ ಬಾಗಿಲು ತೆರೆದಂತಾಗುತ್ತದೆ. ಹಾರಲು ಬಾರದ ಮರಿ ಗಾಬರಿಯಲ್ಲಿ ಅಂಚಿಗೆ ಬಂದು ನೀರಿಗೆ ಬೀಳಬಹುದು. ಎಷ್ಟು ಹತ್ತಿರ ಹೋದಾಗ ಹಕ್ಕಿ ಎದ್ದು ಹಾರುತ್ತದೆ ಎಂಬುದನ್ನು ವಿಜ್ಞಾನಿಗಳು ಅಳೆಯುತ್ತಾರೆ. ಜಾತಿ, ಜಾಗ, ಋತುವಿಗೆ ತಕ್ಕಂತೆ ಅದು ಬದಲಾಗುತ್ತದೆ. ಅಳತೆಯ ಪಟ್ಟಿ ಇಲ್ಲದೆಯೂ ಅದು ತಿಳಿಯುತ್ತದೆ: ಮೇಯುವುದನ್ನು ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿ ನಿಮ್ಮತ್ತ ನೋಡಿದರೆ ನೀವು ಆಗಲೇ ಗಡಿ ದಾಟಿದ್ದೀರಿ. ಅಲ್ಲಿಂದ ಹಿಂದೆ ಸರಿಯಬೇಕು.

ಹಾಗಾದರೆ ದೂರದ ಚಿತ್ರದಿಂದ ಏನು ಲಾಭ? 1880ರ ದಶಕದ ಕೊನೆಯಲ್ಲಿ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ ಎಂಬ ಜರ್ಮನ್ ಗಣಿತಜ್ಞ ಆಲ್ಪ್ಸ್ ಪರ್ವತದ ಹಿಮನದಿಗಳು ಹಿಂದೆ ಸರಿಯುತ್ತಿವೆಯೇ ಎಂದು ತಿಳಿಯಲು ಒಂದು ಸರಳ ಉಪಾಯ ಹಿಡಿದ. ಗೊತ್ತಾದ ಜಾಗಗಳಿಂದ ಚಿತ್ರ ತೆಗೆಯುವುದು, ಕಾಲ ಬಿಟ್ಟು ಅಲ್ಲಿಂದಲೇ ಮತ್ತೆ ತೆಗೆಯುವುದು, ಎರಡನ್ನೂ ಪಕ್ಕದಲ್ಲಿಟ್ಟು ಅಳೆಯುವುದು. ಇಂದಿಗೂ ಕಾಡು, ಹುಲ್ಲುಗಾವಲು, ಕಡಲತೀರಗಳ ಅಧ್ಯಯನದಲ್ಲಿ ಈ ವಿಧಾನ ಬಳಕೆಯಲ್ಲಿದೆ. ಇದಕ್ಕೆ ದುಬಾರಿ ಲೆನ್ಸ್ ಬೇಡ, ಮೊಬೈಲ್ ಸಾಕು. ಕೆರೆಯ ಏರಿಯ ಮೇಲೆ ತೂಬಿನ ಬಳಿಯೋ ಕೋಡಿಯ ಬಳಿಯೋ ಅಲುಗದ ಒಂದು ಕಲ್ಲು ಗುರುತು ಮಾಡಿಕೊಳ್ಳಿ. ಪ್ರತಿ ತಿಂಗಳು ಅಲ್ಲೇ ನಿಂತು, ಅದೇ ದಿಕ್ಕಿಗೆ, ಜೂಮ್ ಮಾಡದೆ ಒಂದು ಚಿತ್ರ ತೆಗೆಯಿರಿ.

ಅಂಥ ಚಿತ್ರಗಳ ಸಾಲು ಕರಿಜಾಲಿಯ ಕಥೆಯನ್ನು ಹೇಳಬಲ್ಲದು. ಕರಿಜಾಲಿ ನೀರಿನಲ್ಲಿ ನಿಂತು ತಾಳುವ ಮರ, ನಿಜ. ಆದರೆ ಬೇರು ಉಸಿರಾಡಬೇಕು. ವರ್ಷಗಟ್ಟಲೆ ನೀರು ಇಳಿಯದಿದ್ದರೆ ಮರ ಸೊರಗುತ್ತದೆ. ಸಾವಿರಾರು ಹಕ್ಕಿಗಳ ಹಿಕ್ಕೆ ನೀರಿಗೆ ಬಿದ್ದರೆ ಗೊಬ್ಬರ, ಮೀನಿಗೆ ಪಾಚಿಯ ಊಟ; ಎಲೆಯ ಮೇಲೆ ದಪ್ಪಗೆ ಮೆತ್ತಿದರೆ ಎಲೆ ಬೆಳಕು ಕಾಣದೆ ಸುಟ್ಟುಹೋಗುತ್ತದೆ. ಇದಕ್ಕಿಂತ ದೊಡ್ಡ ಸಂಗತಿ, ನಿಂತ ನೀರಿನಡಿ ಜಾಲಿಯ ಬೀಜ ಮೊಳೆತು ಸಸಿಯಾಗಿ ಏಳುವುದಿಲ್ಲ. ನೆಲ ಒಮ್ಮೆ ಒಣಗಿ, ಸಸಿ ಎದ್ದು, ಅದು ಎತ್ತರವಾದ ಮೇಲೆ ನೀರು ಬಂದರೆ ಮಾತ್ರ ಹೊಸ ಮರ. ಇವತ್ತು ಗೂಡು ತುಂಬಿದ ಮರ ಇಪ್ಪತ್ತು ವರ್ಷದ ಮೇಲೆ ಬಿದ್ದರೆ ಅದರ ಜಾಗಕ್ಕೆ ಬರುವ ಮರ ಇದೆಯೇ ಎಂಬುದು ಅಂಕಸಮುದ್ರಕ್ಕೆ ಅತಿ ಮುಖ್ಯ ಪ್ರಶ್ನೆ. ಕೊಕ್ಕರೆಯ ಕಣ್ಣಿನ ಚಿತ್ರ ಸಾವಿರ ಇದ್ದರೂ ಅದಕ್ಕೆ ಉತ್ತರ ಸಿಗದು.

ಬೆಳಕಿನ ವಿಷಯವೂ ಒಂದಿಷ್ಟು. ಕ್ಯಾಮೆರಾದ ಬೆಳಕಿನ ಮಾಪಕ ಎದುರಿನ ದೃಶ್ಯವನ್ನು ನಡು ಬೂದು ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಕಡುಹಸಿರು ಜಾಲಿಯ ಮುಂದೆ ಬಿಳಿ ಕೆಂಬರಲು ಕೂತಿದ್ದರೆ ಮಾಪಕ ಕತ್ತಲೆಗೆ ಮರುಗಿ ಬೆಳಕು ಹೆಚ್ಚಿಸುತ್ತದೆ. ಹಕ್ಕಿ ಸುಣ್ಣದ ಉಂಡೆಯಾಗಿ, ಗರಿಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಎಕ್ಸ್‌ಪೋಷರ್ ಒಂದು ಹಂತ ಇಳಿಸಿ. ಮೊಬೈಲಿನಲ್ಲಾದರೆ ಹಕ್ಕಿಯ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿ. ಬೆಳಗಿನ ಎಂಟೊಂಬತ್ತರ ಮೇಲೆ ದೂರದ ಚಿತ್ರಗಳು ಕಲಸಿದಂತೆ ಬಂದರೆ ಲೆನ್ಸಿನ ದೋಷ ಅಂದುಕೊಳ್ಳಬೇಡಿ. ಕಾದ ನೆಲದ ಮೇಲಿನ ಗಾಳಿಯ ಪದರಗಳು ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುವ ಫಲ ಅದು. ಎಷ್ಟು ದುಡ್ಡಿನ ಲೆನ್ಸ್ ತಂದರೂ ಬಿಸಿಲ ಝಳವನ್ನು ದಾಟಿ ನೋಡಲಾರದು.

ಕೆರೆ ಬಿಟ್ಟು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಗೆ ಬಂದರೆ ಲೋಕವೇ ಬೇರೆ. ಕೋಟ್ಯಂತರ ವರ್ಷ ಬಿಸಿಲು, ಮಳೆ, ಗಾಳಿಗೆ ಸವೆದು ಉರುಟಾದ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಕೂತಿವೆ. ಸಂದುಗಳಲ್ಲಿ ತಂಪಾದ ಗವಿಗಳು. ಕರಡಿಗೆ ಬೇಕಾದದ್ದೇ ಅದು. ಇಲ್ಲಿನ ಕಾಡು 2013ರಲ್ಲಿ ಕರಡಿ ಧಾಮವಾಯಿತು. ಅದಕ್ಕೂ ಮೊದಲು, 1994ರಲ್ಲಿ, ದರೋಜಿ ಕರಡಿ ಧಾಮ ಆಗಿತ್ತು. ಸಮದ್ ಕೊಟ್ಟೂರು ಅವರಂಥ ಛಾಯಾಗ್ರಾಹಕರು ಈ ಸೀಮೆಯ ಕರಡಿಗಳನ್ನು ವರ್ಷಗಟ್ಟಲೆ ಚಿತ್ರಗಳಲ್ಲಿ ದಾಖಲಿಸಿದ್ದಾರೆ.

ನಮ್ಮ ಕರಡಿಗೆ ಮೇಲ್ದವಡೆಯ ಮುಂದಿನ ಎರಡು ನಡುಹಲ್ಲುಗಳಿಲ್ಲ. ಆ ಸಂದಿನಿಂದಲೇ ಅದು ಗೆದ್ದಲನ್ನು ಹೀರುತ್ತದೆ. ಉಗುರಿನಿಂದ ಹುತ್ತ ಬಗೆದು, ಮಣ್ಣನ್ನು ಊದಿ ಹಾರಿಸಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಕೊಳವೆ ಮಾಡಿ ಎಳೆಯುತ್ತದೆ. ಆ ಸದ್ದು ಬಹುದೂರ ಕೇಳುತ್ತದೆ. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಕವಳೆ, ಬಾರೆ, ಕಾರೆ, ಉಲುಪಿ, ಕಕ್ಕೆ ಹಣ್ಣಾದಾಗ ಅದರ ಊಟ ಬದಲಾಗುತ್ತದೆ.

ದರೋಜಿಯಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿ, ಸಂಜೆ ಕರಡಿಗಳು ವೀಕ್ಷಣಾ ಗೋಪುರದ ಎದುರಿಗೆ ಬರುವಂತೆ ಮಾಡುವ ರೂಢಿ ಬಹುಕಾಲದ್ದು. ಜನ ಕರಡಿಯನ್ನು ಕಂಡು ಪ್ರೀತಿಸಲು ಅದು ಕಾರಣವಾಗಿದೆ, ಒಪ್ಪೋಣ. ಆದರೆ ಬಂಡೆಯ ಮೇಲೆ ನೆಕ್ಕುತ್ತಿರುವ ಕರಡಿಯ ಚಿತ್ರ ಬೆಲ್ಲದ ಬಗ್ಗೆ ಹೇಳುತ್ತದೆ, ಕಾಡಿನ ಬಗ್ಗೆ ಅಲ್ಲ. ಕರಡಿಯ ನಿಜವಾದ ಊಟ ತಿಳಿಯಲು ಅದರ ಲದ್ದಿಯ ಚಿತ್ರ ಮೇಲು. ಪಕ್ಕದಲ್ಲಿ ಅಳತೆಗೊಂದು ಸ್ಕೇಲ್ ಇಟ್ಟು ಮೇಲಿನಿಂದ ತೆಗೆದರೆ ಇರುವೆಯ ತಲೆ, ಗೆದ್ದಲಿನ ಚೂರು, ಬಾರೆಯ ಗೊರಟೆ ಬೇರೆಬೇರೆಯಾಗಿ ಕಾಣುತ್ತವೆ. ಲದ್ದಿಯಲ್ಲಿ ಮೆಕ್ಕೆಜೋಳದ ಕಾಳು ಕಂಡರೆ ಕರಡಿ ಹೊಲಕ್ಕಿಳಿದಿದೆ ಎಂದರ್ಥ. ಆ ಊರಿನವರಿಗೆ ಅದು ಎಚ್ಚರಿಕೆ. ಕರಡಿ ದಾಳಿಯ ಗಾಯ ಎಂಥದ್ದೆಂದು ಈ ಭಾಗದ ಹಳ್ಳಿಗಳಿಗೆ ಗೊತ್ತು.

ಧಾಮದೊಳಕ್ಕೆ ಬೇಕೆಂದಾಗ ಕಾಲಿಡುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ 28ನೇ ಕಲಮಿನಲ್ಲಿ ಯಾವ ಕಾರಣಗಳಿಗೆ ಅನುಮತಿ ಕೊಡಬಹುದೆಂಬ ಪಟ್ಟಿ ಇದೆ. ಅದರಲ್ಲಿ ಛಾಯಾಗ್ರಹಣವೂ ಒಂದು. ಅನುಮತಿ ಪಡೆದು, ಅರಣ್ಯ ಸಿಬ್ಬಂದಿಯ ಜೊತೆಯಲ್ಲಿ, ಗಾಳಿಯ ದಿಕ್ಕು ನೋಡಿಕೊಂಡು ನಡೆಯಬೇಕು. ಕರಡಿಯ ಮೂಗು ಚುರುಕು, ಕಣ್ಣು ಅಷ್ಟಕ್ಕಷ್ಟೆ. ಹಠಾತ್ತನೆ ಎದುರಾದರೆ ಅದು ಓಡುವುದಕ್ಕಿಂತ ಮೇಲೆರಗುವುದೇ ಹೆಚ್ಚು.

ಇದೇ ಬಂಡೆಗುಡ್ಡಗಳ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಸಿಗದ ಹಕ್ಕಿ. ನಕ್ಷತ್ರ ಆಮೆಯೂ ಈ ಒಣನೆಲದ್ದೇ. ಕಳ್ಳಸಾಗಣೆಯ ಕಾಟಕ್ಕೆ 2019ರಲ್ಲಿ ಅದರ ಅಂತರರಾಷ್ಟ್ರೀಯ ಮಾರಾಟವನ್ನು ಪೂರ್ತಿ ತಡೆಯುವ ಪಟ್ಟಿಗೆ ಸೇರಿಸಿದರು. ಇಂಥ ಜೀವಿಗಳ ಚಿತ್ರ ಹಂಚುವಾಗ ಜಾಗದ ಗುರುತು ತೆಗೆದುಹಾಕಿ, ತಾಲ್ಲೂಕಿನ ಹೆಸರಷ್ಟೇ ಹಾಕಿ. ಫೋನಿನ ಚಿತ್ರದೊಳಗೆ ಅಕ್ಷಾಂಶ ರೇಖಾಂಶ ಅಡಗಿ ಕೂತಿರಬಹುದು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ.

ಸಾಮಾನ್ಯ ಹಕ್ಕಿಗಳ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ: ದಿನಾಂಕ, ಜಾಗ, ಅಂದಾಜು ಸಂಖ್ಯೆ ಮೂರೂ ಇದ್ದರೆ ಚಿತ್ರ ದಾಖಲೆಯಾಗುತ್ತದೆ. 2002ರಲ್ಲಿ ಶುರುವಾದ ಇಬರ್ಡ್ ಜಾಲತಾಣಕ್ಕೆ ಯಾರು ಬೇಕಾದರೂ ಇದನ್ನು ಸೇರಿಸಬಹುದು. ಮಂಗೋಲಿಯಾದಲ್ಲಿ ಕೊರಳಿಗೆ ಅಕ್ಷರದ ಪಟ್ಟಿ ತೊಡಿಸಿ ಬಿಟ್ಟ ಪಟ್ಟೆತಲೆ ಹೆಬ್ಬಾತುಗಳು ಮೈಸೂರು ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಬಂದದ್ದು ಪತ್ತೆಯಾದದ್ದು ಆ ಅಕ್ಷರಗಳನ್ನು ಯಾರೋ ಓದಿದ್ದರಿಂದ. ದೂರದಿಂದ ತೆಗೆದ ಚಿತ್ರವನ್ನು ಹಿಗ್ಗಿಸಿದರೂ ಅಂಥ ಅಕ್ಷರ ಕಾಣಬಹುದು.

ಹೊಸಪೇಟೆ ಬಿಟ್ಟರೆ ವಿಜಯನಗರ ಜಿಲ್ಲೆಯ ಉಳಿದ ಐದು ತಾಲ್ಲೂಕು ಇವೇ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಐದರಲ್ಲೂ ಕೆರೆಗಳಿವೆ, ಶಾಲೆಗಳಿವೆ. ವಿಜ್ಞಾನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಿನ ಕೆರೆ ಏರಿಯ ಮೇಲೆ ಒಂದು ಜಾಗ ಗೊತ್ತು ಮಾಡಿ, ಪ್ರತಿ ತಿಂಗಳ ಮೊದಲ ವಾರ ಮಕ್ಕಳಿಂದ ಅಲ್ಲೊಂದು ಚಿತ್ರ ತೆಗೆಸಿ, ಅದನ್ನು ಮುದ್ರಿಸಿ ಹಿಂಬದಿಯಲ್ಲಿ ದಿನಾಂಕ ಬರೆಸಿ ಶಾಲೆಯಲ್ಲಿ ಇಡಿಸಿ. ಒಬ್ಬ ಮೇಷ್ಟ್ರು ವರ್ಗವಾಗಿ ಹೋದರೆ ಮುಂದಿನವರಿಗೆ ಆ ಚಿತ್ರಗಳ ಕಟ್ಟನ್ನು ಒಪ್ಪಿಸಿ.