ಲೋನ್ ಮೇಲೆ ಹೋದ ಹುಡುಗನಿಗೆ ಆಟ ಸಿಕ್ಕಿತೇ?

‘ಯುವ ಆಟಗಾರ ಲೋನ್ ಮೇಲೆ ಬೇರೆ ಕ್ಲಬ್‌ಗೆ’ ಎಂಬ ಸುದ್ದಿಯನ್ನು ಫುಟ್‌ಬಾಲ್ ಪ್ರಿಯರಾದ ನೀವು ಆಗಾಗ ಓದಿರುತ್ತೀರಿ. ಲೋನ್ ಎಂದರೆ ಇಲ್ಲಿ ಎರವಲು. ಹುಡುಗನ ಒಪ್ಪಂದ ಮೂಲ ಕ್ಲಬ್‌ನಲ್ಲೇ ಇರುತ್ತದೆ. ಆರು ತಿಂಗಳೋ ಒಂದು ಸೀಸನ್ನೋ ಇನ್ನೊಂದು ತಂಡಕ್ಕೆ ಆಡಿ ವಾಪಸಾಗುತ್ತಾನೆ.

ಟ್ರಾನ್ಸ್‌ಫರ್ ವಿಂಡೋ, ಅಂದರೆ ವರ್ಗಾವಣೆಯ ಅವಧಿ ತೆರೆದಿರುವಾಗ ಇದು ನಡೆಯುತ್ತದೆ. ಎರಡು ಕ್ಲಬ್‌ಗಳ ಜೊತೆ ಆಟಗಾರನೂ ಒಪ್ಪಬೇಕು. ಸಂಬಳ ಯಾರದು? ಅದು ಮಾತುಕತೆಗೆ ಬಿಟ್ಟದ್ದು. ಪೂರ್ತಿ ಎರವಲು ಪಡೆದವರೇ ಕೊಡಬಹುದು, ಇಬ್ಬರೂ ಹಂಚಿಕೊಳ್ಳಬಹುದು. ಮೇಲೊಂದಿಷ್ಟು ಲೋನ್ ಶುಲ್ಕವೂ ಇರಬಹುದು. ‘ರೀಕಾಲ್’ ಷರತ್ತಿದ್ದರೆ ಮೂಲ ಕ್ಲಬ್ ಅವನನ್ನು ನಡುವೆಯೇ ಕರೆಸಿಕೊಳ್ಳುತ್ತದೆ.

ತನ್ನ ಕ್ಲಬ್‌ನ ಯುವ ತಂಡದಲ್ಲೇ ಆಡಿಕೊಂಡಿದ್ದರೆ ಸಾಲದೇ ಎನ್ನುತ್ತೀರಾ? ಸಾಲದು. ಅಲ್ಲಿ ಸೋತರೆ ಯಾರ ಕೆಲಸವೂ ಹೋಗುವುದಿಲ್ಲ. ಹಿರಿಯರ ಲೀಗ್‌ನಲ್ಲಿ ಮೈಗೆ ಮೈ ತಾಗಿಸಿ ಆಡುವ ಮೂವತ್ತರ ಡಿಫೆಂಡರ್‌ಗಳು ಎದುರಿಗಿರುತ್ತಾರೆ.

ಹ್ಯಾರಿ ಕೇನ್ ಒಬ್ಬನ ಕಥೆಯಲ್ಲೇ ಲೋನಿನ ಎರಡೂ ಮುಖಗಳಿವೆ. 2011ರ ಜನವರಿಯಲ್ಲಿ, 17ರ ವಯಸ್ಸಿನಲ್ಲಿ, ಟೊಟೆನ್‌ಹ್ಯಾಮ್ ಅವನನ್ನು ಮೂರನೇ ಹಂತದ ಲೇಟನ್ ಓರಿಯೆಂಟ್‌ಗೆ ಕಳುಹಿಸಿತು. ಮರುವರ್ಷ ಮಿಲ್‌ವಾಲ್. ಆ ತಂಡ ಕೆಳಗಿನ ಹಂತಕ್ಕೆ ಜಾರುವ ಭಯದಲ್ಲಿತ್ತು, ಗೋಲು ಹೊಡೆಯುವವನು ಬೇಕಿತ್ತು. ಕೇನ್ 27 ಪಂದ್ಯಗಳಲ್ಲಿ 9 ಗೋಲು ಹೊಡೆದ. ಆಮೇಲೆ ನಾರ್ವಿಚ್‌ನಲ್ಲಿ ಪಾದದ ಮೂಳೆ ಮುರಿಯಿತು; ಲೀಗ್‌ನಲ್ಲಿ ಆಡಿದ್ದು 3 ಪಂದ್ಯ ಮಾತ್ರ. 2013ರಲ್ಲಿ ಲೆಸ್ಟರ್‌ಗೆ ಹೋದಾಗ ಬೆಂಚಿನ ಮೇಲೂ ಕೂರಬೇಕಾಯಿತು. ಆದರೂ 2014–15ರಲ್ಲಿ ಟೊಟೆನ್‌ಹ್ಯಾಮ್ ಪರ ಎಲ್ಲ ಟೂರ್ನಿ ಸೇರಿ 31 ಗೋಲು ಬಂದವು. ಅವನನ್ನು ಗಟ್ಟಿ ಮಾಡಿದ್ದು ಮಿಲ್‌ವಾಲ್‌ನಂಥ ಕಡೆ ಸಿಕ್ಕ ಸತತ ಆಟ ಎಂದೇ ನನ್ನ ನಂಬಿಕೆ. ದೊಡ್ಡ ಹೆಸರಿನ ಕ್ಲಬ್‌ಗಿಂತ, ಹುಡುಗನ ಅಗತ್ಯವಿರುವ ಕ್ಲಬ್ ಒಳ್ಳೆಯದು.

ಎಲ್ಲರಿಗೂ ಹೀಗಾಗುವುದಿಲ್ಲ. ಬ್ರೆಜಿಲ್‌ನ ಲೂಕಸ್ ಪಿಯಾಜೊನ್ 2012ರಲ್ಲಿ ಚೆಲ್ಸಿ ಸೇರಿದ. ಸ್ಪೇನ್, ನೆದರ್ಲೆಂಡ್ಸ್, ಜರ್ಮನಿ, ಇಟಲಿ, ಪೋರ್ಚುಗಲ್ ಎಂದು ಲೋನ್ ಮೇಲೆ ಸುತ್ತಿ, 2021ರಲ್ಲಿ ಕ್ಲಬ್ ಬಿಟ್ಟಾಗ ಚೆಲ್ಸಿ ಪರ ಆಡಿದ್ದ ಪಂದ್ಯಗಳು ಮೂರೇ. ಪ್ರತಿ ವರ್ಷ ಹೊಸ ಭಾಷೆ, ಹೊಸ ಕೋಚ್. ಹುಡುಗ ಬೇರೂರುವುದೆಲ್ಲಿ? ಅದೇ ಚೆಲ್ಸಿಯ ಮೇಸನ್ ಮೌಂಟ್‌ಗೆ ವಿಟೆಸ್ಸೆ, ಡರ್ಬಿ ಎಂಬ ಎರಡೇ ಲೋನ್ ಸಾಕಾದವು. ಎರಡೂ ಕಡೆ ಅವನು ನಿಯಮಿತವಾಗಿ ಆಡಿದ್ದ.

ಹಾಗಾಗಿ ಸಹಿ ಹಾಕುವ ಮುನ್ನ ಹುಡುಗನ ಮನೆಯವರು ಕೆಲವನ್ನು ಕೇಳಲೇಬೇಕು. ಇವನನ್ನು ಬೇಕೆಂದವನು ಅಲ್ಲಿನ ಕೋಚೇ? ಅದೇ ಜಾಗಕ್ಕೆ ಇನ್ನೆಷ್ಟು ಜನರಿದ್ದಾರೆ? ಗಾಯವಾದರೆ ಚಿಕಿತ್ಸೆ ಎಲ್ಲಿ?

ಫಿಫಾ 2022ರ ಜುಲೈಯಿಂದ ದೇಶದೇಶಗಳ ನಡುವಿನ ಲೋನ್‌ಗೆ ಮಿತಿ ಹಾಕಿದೆ. ಒಂದು ಲೋನ್ ಗರಿಷ್ಠ ಒಂದು ವರ್ಷ. 2024ರಿಂದ ಕ್ಲಬ್ಬೊಂದು ಹೊರಗೆ ಕಳುಹಿಸಬಹುದಾದವರು 6, ಒಳಗೆ ತರಬಹುದಾದವರೂ 6. ಆದರೆ ಕ್ಲಬ್‌ನಲ್ಲೇ ತರಬೇತಿ ಪಡೆದ, 21 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರು ಈ ಲೆಕ್ಕಕ್ಕೆ ಬರುವುದಿಲ್ಲ. ಅಂಥವರನ್ನು ಎಷ್ಟು ಮಂದಿಯನ್ನಾದರೂ ಕಳುಹಿಸಬಹುದು.