ಬೆಟ್ಟವೆಲ್ಲ ಕಿತ್ತಳೆ ಬಣ್ಣ

2023ರ ಏಪ್ರಿಲ್. ಪಿಯುಸಿ ಪರೀಕ್ಷೆ ಮುಗಿಸಿ ಸಿಇಟಿಗೆ ಓದುತ್ತಿದ್ದೆ. ಒಂದು ರಾತ್ರಿ ಲಾಸ್‌ ಏಂಜಲೀಸ್‌ನಲ್ಲಿರುವ ದೊಡ್ಡಮ್ಮನ ಮಗಳು ವಿಡಿಯೊ ಕಾಲ್ ಮಾಡಿದಳು. ಅವಳ ಹಿಂದೆ ಬೆಟ್ಟಕ್ಕೆ ಬೆಟ್ಟವೇ ಕಿತ್ತಳೆ ಬಣ್ಣ! 'ಆಂಟಿಲೋಪ್ ವ್ಯಾಲಿ ಕಣೋ, ಇವೆಲ್ಲ ಪಾಪ್ಪಿ ಹೂ' ಅಂದಳು. 'ಒಳಗೆ ಹೋಗಿ ಕೂತು ಒಂದು ಫೋಟೊ ತೆಗೆಸಿಕೊಳ್ಳಕ್ಕಾ' ಎಂದೆ. 'ದಾರಿ ಬಿಟ್ಟು ಇಳಿಯೋ ಹಾಗಿಲ್ಲಪ್ಪ' ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆಂದರೆ ಆಗ ನನ್ನ ಡಿಪಿಯಲ್ಲಿದ್ದದ್ದು ಅಂಥದ್ದೇ ಫೋಟೊ. ಅದರ ಕಥೆ ಆಮೇಲೆ ಹೇಳುತ್ತೇನೆ.

ಆ ರಾತ್ರಿ ಓದು ಬಿಟ್ಟು ಪಾಪ್ಪಿಯ ಬೆನ್ನು ಹತ್ತಿದೆ. ಕ್ಯಾಲಿಫೋರ್ನಿಯಾದ ಬಹುಭಾಗದ್ದು ಮೆಡಿಟರೇನಿಯನ್ ಹವೆ. ನಮ್ಮಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಅಲ್ಲಿ ಅದು ಒಣ ಬೇಸಿಗೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಮಧ್ಯ ಚಿಲಿ, ದಕ್ಷಿಣ ಆಫ್ರಿಕಾದ ಕೇಪ್, ಆಸ್ಟ್ರೇಲಿಯಾದ ನೈರುತ್ಯ ಭಾಗದಲ್ಲೂ ಇದೇ ಲೆಕ್ಕ. ಇಲ್ಲಿನ ಅನೇಕ ಕಾಡುಹೂಗಳು ಮಳೆಗೆ ಮೊಳೆತು, ವಸಂತದಲ್ಲಿ ಅರಳಿ, ಬಿಸಿಲು ಏರುವಷ್ಟರಲ್ಲಿ ಬೀಜ ಉದುರಿಸಿ ಒಣಗುತ್ತವೆ. ಉಳಿದ ಕಾಲವೆಲ್ಲ ಅವು ಮಣ್ಣಿನೊಳಗಿನ ಬೀಜ ಮಾತ್ರ.

ಆ ಬೀಜಗಳ ಜಾಣತನ ನೋಡಿ. ಒಳ್ಳೆಯ ಮಳೆ ಬಂದರೂ ಎಲ್ಲವೂ ಒಟ್ಟಿಗೆ ಮೊಳೆಯುವುದಿಲ್ಲ. ಮಳೆ ನಡುವೆ ಕೈಕೊಟ್ಟರೆ ವಂಶವೇ ಅಳಿಯಬಾರದಲ್ಲ! ಬಿತ್ತನೆ ಬೀಜದಲ್ಲಿ ಒಂದು ಪಾಲನ್ನು ಯಾವಾಗಲೂ ಎತ್ತಿಡುತ್ತಿದ್ದ ನನ್ನ ಅಜ್ಜಿ ನೆನಪಾದರು. ಇನ್ನು ಕೆಲವು ಜಾತಿಯ ಬೀಜಗಳು ಕಾಡಿಗೆ ಬೆಂಕಿ ಬಿದ್ದು ಹೊಗೆ ತಾಗಿದ ಮೇಲೆಯೇ ಏಳುತ್ತವೆ.

ಹಲವು ವರ್ಷ ಕೂಡಿಟ್ಟ ಬೀಜಗಳಿಗೆ ಹದವಾದ ಮಳೆ ಸಿಕ್ಕರೆ 'ಸೂಪರ್‌ಬ್ಲೂಮ್'. ಉಪಗ್ರಹದ ಚಿತ್ರದಲ್ಲೂ ಬಣ್ಣ ಕಾಣುತ್ತದೆ. ಜನರಿಗೂ ಕಾಣುತ್ತದೆ, ತೊಂದರೆ ಅಲ್ಲೇ. 2019ರ ಮಾರ್ಚ್‌ನಲ್ಲಿ ಲೇಕ್ ಎಲ್ಸಿನೋರ್ ಎಂಬ ಊರಿನ ವಾಕರ್ ಕಣಿವೆಗೆ ಜನ ಮುಗಿಬಿದ್ದರು. ಸೆಲ್ಫಿಗಾಗಿ ಹೂವಿನ ಮೇಲೆ ಮಲಗಿದರು. ರಸ್ತೆಗಳು ಕಟ್ಟಿಕೊಂಡವು. 2023ರಲ್ಲಿ ಮತ್ತೆ ಹೂ ಬಂದಾಗ ಆ ಕಣಿವೆಗೆ ಪ್ರವೇಶವನ್ನೇ ಬಂದ್ ಮಾಡಲಾಯಿತು.

ಮೆಕ್ಯಾನಿಕಲ್ ಓದುತ್ತಿರುವ ನನಗೆ ಆಮೇಲೆ ತಿಳಿದ ಇನ್ನೊಂದು ಸಂಗತಿ ಚುಚ್ಚಿತು. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಮಣ್ಣಿಗೆ ಸೇರಿ ಗೊಬ್ಬರವಾಗುತ್ತದೆ. ಅದನ್ನುಂಡು ಕೊಬ್ಬುವುದು ಯುರೋಪಿನಿಂದ ಬಂದ ಹುಲ್ಲು. ಬಡ ಮಣ್ಣಿಗೆ ಒಗ್ಗಿದ ಸ್ಥಳೀಯ ಹೂಗಿಡ ಅದರಡಿ ಉಸಿರುಗಟ್ಟುತ್ತದೆ. ಅಂದರೆ ಹೂ ನೋಡಲು ಕಾರಿನಲ್ಲಿ ಹೋದವರು, ದಾರಿ ಬಿಟ್ಟು ಇಳಿಯದಿದ್ದರೂ, ಪೂರ್ತಿ ನಿರಪರಾಧಿಗಳಲ್ಲ.

ಈಗ ನನ್ನ ಡಿಪಿ. 2022ರಲ್ಲಿ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕುರಿಂಜಿ ಅರಳಿದಾಗ ಗೆಳೆಯರೊಂದಿಗೆ ಹೋಗಿದ್ದೆ. ಗಿಡಗಳ ನಡುವೆ ನುಗ್ಗಿ, ಕೂತು, ಕೈತುಂಬ ಹೂ ಹಿಡಿದು ಫೋಟೊ ತೆಗೆಸಿಕೊಂಡೆ. ಲೈಕುಗಳೂ ಬಂದವು. ಕುರಿಂಜಿ ವರ್ಷಗಟ್ಟಲೆ ಕಾದು ಒಮ್ಮೆ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ನಾನು ಮುರಿದದ್ದು ಬರೀ ಹೂವನ್ನಲ್ಲ, ಆ ಗಿಡದ ಒಂದೇ ಒಂದು ಅವಕಾಶವನ್ನು. 'ಎಲ್ಲರೂ ಇಳಿದಿದ್ದರು' ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ವಾಕರ್ ಕಣಿವೆಯಲ್ಲೂ ಎಲ್ಲರೂ ಇಳಿದಿದ್ದರು.

ಅಕ್ಕ ಫೋನ್ ಇಟ್ಟ ಮೇಲೆ ಡಿಪಿ ಬದಲಿಸಿದೆ. ಫೋಟೊ ಮಾತ್ರ ಅಳಿಸಿಲ್ಲ, ಮರೆಯಬಾರದೆಂದು ಇಟ್ಟುಕೊಂಡಿದ್ದೇನೆ. ಅಂದು ನಾನು ಕೂತ ಜಾಗದಲ್ಲಿ ಮುಂದಿನ ಸಲ ಕುರಿಂಜಿ ಇರುತ್ತದೋ ಇಲ್ಲವೋ, ಹೋಗಿ ನೋಡಬೇಕು. ಅಷ್ಟರಲ್ಲಿ ನನಗೆ ಮೂವತ್ತೇ ಆಗಿರಬಹುದು. ಈ ಬಾರಿ ದಾರಿಯಲ್ಲೇ ನಿಂತು ನೋಡುತ್ತೇನೆ.